ಕರಿಯನ್ನ ಕೊಟ್ಟಿಗೆ ಹಿಂದೆ ಕಟ್ಟಬೇಡಿ ಅಪ್ಪಯ್ಯ

ಲೀಡ್ಸ್, ಇಂಗ್ಲೆಂಡ್
ಜುಲೈ, ಭಾನುವಾರ ರಾತ್ರಿ

ಅಮ್ಮ, ಅಪ್ಪಯ್ಯ, ಇಬ್ರಿಗೂ ನಮಸ್ಕಾರ.

ನಾವಿಲ್ಲಿ ಆರಾಮ. ಅಲ್ಲಿ ಮಳೆ ಬಿಡ್ತಾನೇ ಇಲ್ಲ, ಅಡಿಕೆಗೆ ಕೊಳೆ ಔಷಧಿ ಹೊಡಿಯೋಕೆ ಒಂದು ಬಿಸಿಲು ಬಿದ್ದಿಲ್ಲ ಅಂತ ಅಣ್ಣ ಹೇಳ್ದ. ಇಲ್ಲಿ ರಾತ್ರಿ ಒಂಬತ್ತೂವರೆ ಆದ್ರೂ ಬೆಳಕಿರುತ್ತೆ, ಡ್ಯೂಟಿ ಮುಗಿಸ್ಕೊಂಡು ಬಂದು ಊಟ ಮಾಡಿ ಇದನ್ನ ಬರಿಯೋಕೆ ಕೂತಿದ್ದೀನಿ. ಅತ್ತಿಗೆ ಫೋನಿಗೆ ಕಳಿಸ್ತೀನಿ, ಉದ್ದ ಇದೆ, ಅತ್ತಿಗೆ ಒಂದು ಸಂಜೆ ಪುರುಸೊತ್ತು ಮಾಡ್ಕೊಂಡು ಇಬ್ರನ್ನೂ ಕೂರಿಸ್ಕೊಂಡು ಓದಿ ಹೇಳಿ. ಫೋನಲ್ಲೇ ಹೇಳ್ತಿದ್ದೆ, ಆದ್ರೆ ಅಪ್ಪಯ್ಯ ಎರಡು ಮಾತಾಗೋದ್ರೊಳಗೆ ಫೋನ್ ಅಮ್ಮನ ಕೈಗೆ ಕೊಟ್ಟುಬಿಡ್ತಾರೆ, ಈ ವಿಷಯ ಎರಡು ಮಾತಲ್ಲಿ ಮುಗಿಯೋದಲ್ಲ.

ವಿಷಯ ನಮ್ಮ ನಾಯಿ ಕರಿಯಂದು. ಮೊನ್ನೆ ಅಪ್ಪಯ್ಯ ಅಂದ್ರಲ್ಲ, ಇವ್ನು ಜಗಲಿ ಪೂರ್ತಿ ಉಚ್ಚೆ ಹೊಯ್ದು ಹಾಕ್ತಾನೆ, ವಯಸ್ಸಾದ ಮೇಲೆ ಕೊಬ್ಬು, ಇನ್ನು ಕೊಟ್ಟಿಗೆ ಹಿಂದೆ ಕಟ್ಟಿ ಹಾಕೋದೇ, ಅದೂ ಆಗದಿದ್ರೆ ಆಗುಂಬೆ ಕಡೆ ಎಲ್ಲಾದ್ರೂ ಬಿಟ್ಟು ಬರೋದು ಅಂತ. ಆವತ್ತಿಂದ ನಂಗೆ ಅದೇ ತಲೇಲಿ ಸುತ್ತುತಾ ಇದೆ. ಹತ್ತು ವರ್ಷ ಒಂದು ದಿನನೂ ಮನೆ ಒಳಗೆ ಗಲೀಜು ಮಾಡದ ನಾಯಿ ಅಪ್ಪಯ್ಯ ಅವ್ನು. ಮರಿ ಇದ್ದಾಗ್ಲೇ ಅಮ್ಮ ಬಾಗಿಲು ತೆಗೆಯೋವರೆಗೂ ಕಾದು ಅಂಗಳ ದಾಟಿ ಬೇಲಿ ಹತ್ರ ಹೋಗಿ ಬರ್ತಿದ್ದ. ಅಂಥ ನಾಯಿ ಇದ್ದಕ್ಕಿದ್ದಂಗೆ ಮಲಗೋ ಜಾಗನೇ ಒದ್ದೆ ಮಾಡ್ಕೊಳ್ತಿದೆ ಅಂದ್ರೆ ಅದು ಕೊಬ್ಬೂ ಅಲ್ಲ ಹಠನೂ ಅಲ್ಲ, ಒಳಗೆ ಎಂಥದೋ ಕೆಟ್ಟಿದೆ. ನಾಯಿಗೆ ತನ್ನ ಮಲಗೋ ಜಾಗ ಒಣಗಿರಬೇಕು ಅನ್ನೋದು ಹುಟ್ಟುಗುಣ, ಅದನ್ನ ಬಿಟ್ಟುಕೊಡ್ತಿದೆ ಅಂದ್ರೆ ತಡ್ಕೊಳ್ಳೋಕೆ ಆಗ್ತಿಲ್ಲ ಅಂತ ಅರ್ಥ.

ನಾನು ಇಷ್ಟು ಗಟ್ಟಿಯಾಗಿ ಹೇಳ್ತಿರೋದು ಯಾಕೆ ಅಂದ್ರೆ ನಮ್ಮ ರೋಸಿಗೂ ಇದೇ ಆಯ್ತು, ನಿಮಗೆ ಹೇಳಿರ್ಲಿಲ್ಲ. ರೋಸಿ ಬಾಕ್ಸರ್ ತಳಿ, ವಿಡಿಯೋ ಕಾಲಲ್ಲಿ ನೋಡಿದ್ದೀರಲ್ಲ, ಚಪ್ಪಟೆ ಮೂತಿದು. ಈಗ ಅದಕ್ಕೆ ಆರು ವರ್ಷ. ಹೋದ ಚಳಿಗಾಲದಲ್ಲಿ ಅದು ಮಲಗಿ ಎದ್ದ ಜಾಗದಲ್ಲಿ ತಟ್ಟೆಯಷ್ಟಗಲ ಒದ್ದೆ ಕಾಣ್ಸೋಕೆ ಶುರುವಾಯ್ತು. ಎಚ್ಚರ ಇದ್ದಾಗ ಎಲ್ಲಾ ಸರಿ, ಬಾಗಿಲ ಹತ್ರ ಬಂದು ನಿಂತು ನನ್ನ ಮುಖ ನೋಡುತ್ತೆ, ಹೊರಗೆ ಬಿಟ್ರೆ ಹೋಗಿ ಬರುತ್ತೆ. ನಿದ್ದೆ ಹತ್ತಿ ಮೈ ಸಡಿಲ ಆದಾಗ ಮಾತ್ರ ಸೋರೋದು. ಎದ್ದು ನೋಡಿ ಅದಕ್ಕೇ ಗಾಬರಿ, ಆ ಒದ್ದೇನ ನೆಕ್ಕಿ ನೆಕ್ಕಿ ಒಣಗಿಸೋಕೆ ನೋಡ್ತಿತ್ತು. ಅದನ್ನ ನೋಡಿ ನಂಗೆ ನಮ್ಮ ಅಜ್ಜಿ ನೆನಪಾದ್ರು ಅಮ್ಮ. ಕೊನೆ ಎರಡು ವರ್ಷ ಅಜ್ಜಿ ಬೆಳಿಗ್ಗೆ ನಾವು ಏಳೋ ಮೊದ್ಲೇ ಎದ್ದು ತನ್ನ ಹಚ್ಚಡ ಮಡಚಿ ಅಡಗಿಸಿ ಇಡ್ತಿದ್ರು, ನೀನು ಒಂದು ಮಾತೂ ಆಡದೆ ಅದನ್ನ ತಗೊಂಡು ಹೋಗಿ ಬಚ್ಚಲಲ್ಲಿ ನೆನೆಹಾಕ್ತಿದ್ದೆ. ಒಂದು ದಿನನೂ ಅಜ್ಜಿ ಮುಖ ಸಣ್ಣ ಆಗೋ ಹಂಗೆ ನೀನು ಮಾಡಲಿಲ್ಲ. ನಾನು ನರ್ಸಿಂಗಲ್ಲಿ ಕಲ್ತಿದ್ದಕ್ಕಿಂತ ಅದನ್ನ ನೋಡಿ ಕಲ್ತಿದ್ದು ಜಾಸ್ತಿ, ಇಲ್ಲಿ ವಾರ್ಡಲ್ಲಿ ವಯಸ್ಸಾದವ್ರ ಹಾಸಿಗೆ ಬದಲಾಯಿಸೋವಾಗ ಈಗ್ಲೂ ನಿನ್ನ ಕೈಯೇ ಕಣ್ಣಿಗೆ ಬರುತ್ತೆ.

ಇರ್ಲಿ, ರೋಸಿ ವಿಷಯಕ್ಕೆ ಬರ್ತೀನಿ. ಇಲ್ಲಿ ಮನುಷ್ಯರಿಗೆ ಸರ್ಕಾರಿ ಆಸ್ಪತ್ರೆ ಪುಕ್ಕಟೆ, ನಾಯಿಗಳಿಗೆ ಹಂಗಿಲ್ಲ, ಎಲ್ಲಾದಕ್ಕೂ ಕೈಯಿಂದ ಕೊಡಬೇಕು ಇಲ್ಲಾ ಇನ್ಶೂರೆನ್ಸ್ ಇರಬೇಕು. ನಮ್ಮದು ಇನ್ಶೂರೆನ್ಸ್ ಮೊದ್ಲೇ ಇತ್ತು, ಕಾಯಿಲೆ ಬಂದ ಮೇಲೆ ಮಾಡಿಸಿದ್ರೆ ಹಳೇ ಕಾಯಿಲೆ ಅಂತ ಅದಕ್ಕೆ ದುಡ್ಡು ಕೊಡಲ್ಲ. ಡಾಕ್ಟ್ರು ನಾಯಿನ ಮುಟ್ಟೋ ಮೊದ್ಲು ಒಂದು ರಾಶಿ ಪ್ರಶ್ನೆ ಕೇಳಿದ್ರು. ಮಲಗಿದಾಗ ಆಗೋದಾ ಎದ್ದು ಓಡಾಡೋವಾಗ ಆಗೋದಾ, ಹನಿ ಹನಿಯಾ ಒಂದೇ ಸಲ ಕೆರೆ ಆಗುತ್ತಾ, ಕೂತು ಮುಕ್ಕಿರಿಯುತ್ತಾ, ನೀರು ಎಷ್ಟು ಕುಡಿಯುತ್ತೆ, ಬಣ್ಣ ಹೇಗಿದೆ, ಯಾವ್ದಾದ್ರೂ ಮಾತ್ರೆ ಕೊಡ್ತಿದ್ದೀರಾ, ಮನೆಗೆ ಹೊಸಬ್ರು ಬಂದಿದ್ದಾರಾ, ಮನೆ ಬದಲಾಯ್ಸಿದ್ರಾ. ಕೆಮ್ಮು ಕಡಿತಕ್ಕೆ ಸ್ಟೆರಾಯ್ಡ್ ಕೊಟ್ರೂ ನಾಯಿ ಬಕೆಟ್ ಬಕೆಟ್ ನೀರು ಕುಡಿದು ಮನೆಯೊಳಗೇ ಹೊಯ್ಯುತ್ತಂತೆ, ಅದಕ್ಕೇ ಮಾತ್ರೆ ಬಗ್ಗೆ ಕೇಳೋದು. ಉತ್ತರ ಎಷ್ಟು ಸರಿಯಾಗಿ ಕೊಡ್ತೀವೋ ಅಷ್ಟು ಬೇಗ ಕಾರಣ ಸಿಗುತ್ತೆ, ಅಣ್ಣಂಗೆ ಇದನ್ನ ಹೇಳಿ, ಕರಿಯನ್ನ ಕರ್ಕೊಂಡು ಹೋಗೋ ಮೊದ್ಲು ಒಂದೆರಡು ದಿನ ನೋಡಿ ಬರ್ಕೊಳ್ಳಲಿ.

ಆಮೇಲೆ ಉಚ್ಚೆ ಹಿಡ್ಕೊಂಡು ಬನ್ನಿ ಅಂದ್ರು. ಬೆಳಿಗ್ಗೆ ಎದ್ದ ಕೂಡ್ಲೇ ಮೊದಲ ಸಲ ಹೋಗೋವಾಗ್ಲೇ ಹಿಡೀಬೇಕು, ನಾನು ಉದ್ದ ಹಿಡಿಕೆ ಇರೋ ಒಂದು ಹಳೇ ಸೌಟನ್ನ ಬಿಸಿನೀರಲ್ಲಿ ತೊಳ್ದು ಒಣಗಿಸಿ ಅದರಲ್ಲೇ ಹಿಡಿದೆ, ಚೊಕ್ಕ ಬಾಟ್ಲಿಗೆ ಹಾಕಿ ತಡ ಮಾಡದೆ ಕೊಟ್ಟುಬಂದ್ವಿ. ಅದರಲ್ಲಿ ಸಕ್ಕರೆ ಇದೆಯಾ, ರಕ್ತ ಇದೆಯಾ, ತೀರಾ ತೆಳ್ಳಗಿದೆಯಾ ಅಂತ ನೋಡ್ತಾರೆ. ತೆಳ್ಳಗಿದ್ರೆ ಕಿಡ್ನಿ ಕಡೆ ಅನುಮಾನ, ಸಕ್ಕರೆ ಇದ್ರೆ ಡಯಾಬಿಟಿಸ್, ನಾಯಿಗೂ ಬರುತ್ತೆ ಅಮ್ಮ. ಸೋಂಕು ಇದೆಯಾ ಅಂತ ಕಲ್ಚರ್ ಮಾಡೋಕೆ, ಅಂದ್ರೆ ರೋಗಾಣು ಬೆಳೆಸಿ ನೋಡೋಕೆ ಮಾತ್ರ ನೆಲಕ್ಕೆ ಬೀಳೋ ಉಚ್ಚೆ ಸಾಲ್ದು, ಹೊಟ್ಟೆ ಮೂಲಕ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದ್ಲೇ ತೆಗೀತಾರೆ, ಕೇಳೋಕೆ ಭಯ ಆಗುತ್ತೆ ಆದ್ರೆ ರೋಸಿ ಅಲುಗಾಡ್ಲೂ ಇಲ್ಲ. ಸ್ಕ್ಯಾನ್ ಮಾಡಿ ಕಲ್ಲು ಇಲ್ಲ ಅಂತ ನೋಡಿದ್ರು. ಸೋಂಕೂ ಇರ್ಲಿಲ್ಲ, ಸಕ್ಕರೆನೂ ಇರ್ಲಿಲ್ಲ, ಕಿಡ್ನಿ ಚೆನ್ನಾಗಿತ್ತು.

ಕಾರಣ ಏನು ಅಂದ್ರೆ, ಮೂತ್ರಕೋಶದ ಬಾಯಲ್ಲಿ ಬಿಗಿ ಹಿಡಿಯೋ ಸ್ನಾಯು ಇರುತ್ತೆ, ಅದು ಸಡಿಲ ಆಗಿದೆ. ಗರ್ಭಕೋಶ, ಅಂಡಾಶಯ ತೆಗೆಸಿದ ಹೆಣ್ಣು ನಾಯಿಗಳಲ್ಲಿ ಇದು ಆಗೋದುಂಟು, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಕಮ್ಮಿ ಆದ್ರೆ ಆ ಬಿಗಿ ಹೋಗುತ್ತೆ, ಅದೂ ಬಾಕ್ಸರ್, ಡಾಬರ್‌ಮನ್, ರಾಟ್‌ವೀಲರ್ ಥರದ ದೊಡ್ಡ ತಳಿಗಳಲ್ಲಿ ಜಾಸ್ತಿ, ಆಪರೇಷನ್ ಆಗಿ ಎಷ್ಟೋ ವರ್ಷ ಆದ ಮೇಲೂ ಶುರುವಾಗಬಹುದು. ಹಂಗಂತ ಆಪರೇಷನ್ನೇ ಮಾಡಿಸಬಾರದು ಅಂತ ಅಲ್ಲ, ಮಾಡಿಸದ ಹೆಣ್ಣು ನಾಯಿಗಳಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಬರೋದು ಇದಕ್ಕಿಂತ ದೊಡ್ಡ ವಿಷಯ. ಆಚೆಮನೆಯವ್ರ ಹೆಣ್ಣು ನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ತುಂಬಾ ನೀರು ಕುಡಿಯೋಕೆ ಶುರು ಮಾಡಿ, ಮಂಕಾಗಿ, ಊಟ ಬಿಟ್ರೆ ಆವತ್ತೇ ಡಾಕ್ಟ್ರ ಹತ್ರ ಒಯ್ಯೋಕೆ ಹೇಳಿ, ನಾಳೆಗೆ ಅಂತ ಇಡೋ ಕಾಯಿಲೆ ಅಲ್ಲ ಅದು.

ರೋಸಿಗೆ ಒಂದು ಸಿರಪ್ ಕೊಟ್ಟಿದ್ದಾರೆ, ಫೀನೈಲ್‌ಪ್ರೊಪನೊಲಮೈನ್ ಅಂತ, ದಿನಾ ಊಟದ ಜೊತೆ ಹಾಕ್ತೀನಿ. ಸಡಿಲ ಆದ ಸ್ನಾಯುನ ಬಿಗಿ ಮಾಡುತ್ತೆ. ಹಿಂದೆ ಮನುಷ್ಯರ ನೆಗಡಿ ಔಷಧಿಯಲ್ಲೂ ಇದೇ ಇರ್ತಿತ್ತು, ಮೆದುಳಲ್ಲಿ ರಕ್ತಸ್ರಾವ ಆಗೋ ಅಪಾಯ ಇದೆ ಅಂತ 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನ ನಿಲ್ಲಿಸೋಕೆ ಹೇಳ್ತು. ಅದಕ್ಕೇ ನಾಯಿಗೆ ಕೊಡೋವಾಗ್ಲೂ ಬಿಪಿ ನೋಡ್ತಾರೆ, ಬಾಲಕ್ಕೋ ಮುಂಗಾಲಿಗೋ ಪುಟ್ಟ ಪಟ್ಟಿ ಸುತ್ತಿ. ಈಗ ರೋಸಿ ಹಾಸಿಗೆ ಬಹುತೇಕ ಒಣಗೇ ಇರುತ್ತೆ. ಜೀವನಪೂರ್ತಿ ಕೊಡಬೇಕು, ಕೊಡ್ತೀವಿ. ಸಾಲದೆ ಹೋದ್ರೆ ಹಾರ್ಮೋನ್ ಮಾತ್ರೆ ಇದೆ, ಅದೂ ಆಗದಿದ್ರೆ ಆಪರೇಷನ್ನೂ ಇದೆ ಅಂದಿದ್ದಾರೆ.

ಮನೆ ನಿಭಾಯಿಸಿದ್ದೇ ಕಷ್ಟ ಆಗಿದ್ದು. ಇಲ್ಲಿ ಬಾಡಿಗೆ ಮನೆಗಳಲ್ಲಿ ಮೆಟ್ಟಿಲಿಂದ ಮಲಗೋ ಕೋಣೆವರೆಗೂ ಕಾರ್ಪೆಟ್, ಅಂಟಿಸಿರೋದು, ತೆಗೆದು ಒಗೆಯೋ ಹಂಗಿಲ್ಲ. ಅದರ ಕೆಳಗೆ ಇನ್ನೊಂದು ಮೆತ್ತೆ ಇರುತ್ತೆ, ಉಚ್ಚೆ ಅಲ್ಲಿಗೆ ಇಳಿದ್ರೆ ಮೇಲೆ ಎಷ್ಟು ಉಜ್ಜಿದ್ರೂ ವಾಸನೆ ಹೋಗಲ್ಲ, ಅಡ್ವಾನ್ಸ್ ದುಡ್ಡಲ್ಲಿ ಮುರ್ಕೊಳ್ತಾರೆ ಅನ್ನೋ ಚಿಂತೆ ಬೇರೆ. ಉಜ್ಜಬಾರದು, ಹಳೇ ಟವೆಲ್ ಹಾಕಿ ಮೇಲೆ ನಿಂತು ಒತ್ತಿ ಒತ್ತಿ ಹೀರಿಸಬೇಕು, ಆಮೇಲೆ ಎಂಜೈಮ್ ಇರೋ ಕ್ಲೀನರ್ ಹಾಕಿ ಅದು ಕೆಲಸ ಮಾಡೋವರೆಗೂ ಬಿಡಬೇಕು. ನಮ್ಮ ಮೂಗಿಗೆ ವಾಸನೆ ಹೋಯ್ತು ಅನ್ಸಿದ್ರೂ ನಾಯಿ ಮೂಗಿಗೆ ಇರುತ್ತೆ, ವಾಸನೆ ಇದ್ದ ಜಾಗ ಅದಕ್ಕೆ ಹೊಯ್ಯೋ ಜಾಗ ಅಂತಲೇ ಅನ್ಸುತ್ತೆ. ಹಾಸಿಗೆಗೆ ನೀರು ಇಳೀದ ಕವರ್ ಹಾಕಿ, ಮೇಲೆ ದಿನಾ ಮಷೀನಿಗೆ ಹಾಕೋ ಥರದ ಬಟ್ಟೆ ಹಾಸಿದ್ದೀನಿ. ರಾತ್ರಿ ನಾವು ಮಲಗೋ ಮುಂಚೆ ಕೊನೇದಾಗಿ ಒಂದು ಸಲ ಹೊರಗೆ ಕರ್ಕೊಂಡು ಹೋಗ್ತಾರೆ ಇವ್ರು, ಹಿಮ ಬಿದ್ರೂ ತಪ್ಪಿಸಲ್ಲ. ನಾಯಿಗೂ ಡೈಪರ್ ಸಿಗುತ್ತೆ ಇಲ್ಲಿ, ಅದನ್ನ ನಾನು ಮನೆಗೆ ಯಾರಾದ್ರೂ ಬಂದಾಗ ಮಾತ್ರ ಹಾಕಿದ್ದು, ಒದ್ದೆ ಡೈಪರಲ್ಲಿ ಇಟ್ರೆ ತೊಡೆ ಸಂದಿ ಚರ್ಮ ಬೆಂದುಹೋಗುತ್ತೆ. ಮಗುಗೆ ಹಚ್ಚೋ ಜಿಂಕ್ ಕ್ರೀಮ್ ನಾಯಿಗೆ ಹಚ್ಚೋ ಹಂಗೂ ಇಲ್ಲ, ನೆಕ್ಕಿ ನುಂಗಿದ್ರೆ ವಿಷ. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸೋದೇ ಒಳ್ಳೇದು.

ಈಗ ಕರಿಯ. ರೋಸಿ ಔಷಧಿ ಕಳಿಸು ಅಂತ ಅಣ್ಣ ಕೇಳ್ದ. ಕಳಿಸಲ್ಲ, ಯಾಕೆ ಅಂದ್ರೆ ಕರಿಯಂದು ಆ ಕಾಯಿಲೆ ಇರೋ ಹಂಗೆ ಕಾಣ್ಸಲ್ಲ. ಅವ್ನು ಗಂಡು, ಬೀಜ ಒಡೆಸಿಲ್ಲ, ವಯಸ್ಸು ಹತ್ತು ದಾಟಿದೆ. ಅಮ್ಮ ಹೇಳಿದ್ದು ಕೇಳಿದ್ರೆ ಸ್ವಲ್ಪ ಸ್ವಲ್ಪನೇ ಸಲ ಸಲಕ್ಕೂ ಹೊಯ್ತಾನೆ, ಗೋಣಿ ಮೇಲೆ ಕೆಂಪು ಹನಿ ಕಂಡಿತ್ತು, ಹೇಲೋಕೆ ಕೂತ್ರೆ ತುಂಬಾ ಹೊತ್ತು ಮುಕ್ಕಿರಿತಾನೆ. ಅಮ್ಮ ಕೆಂಪು ಹನಿ ಉಣುಗು ಕಚ್ಚಿದ್ದು ಇರಬೇಕು ಅಂದ್ಳು, ನಂಗೆ ಹಂಗೆ ಅನ್ಸಲ್ಲ. ವಯಸ್ಸಾದ ಗಂಡು ನಾಯಿಗಳಿಗೆ ಮೂತ್ರಕೋಶದ ಬುಡದಲ್ಲಿರೋ ಪ್ರಾಸ್ಟೇಟ್ ಗ್ರಂಥಿ ಊದೋದು ಬಹಳ ಸಾಮಾನ್ಯ. ಅಪ್ಪಯ್ಯ, ನಿಮಗೂ ಅದೇ ಅಲ್ವಾ, ಆಪರೇಷನ್ ಆಗೋ ಮುಂಚೆ ರಾತ್ರಿ ಎಷ್ಟು ಸಲ ಏಳ್ತಿದ್ರಿ, ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗೋಕೂ ಹೆದರ್ತಿದ್ರಿ. ಮನುಷ್ಯರಲ್ಲಿ ಅದು ಮೂತ್ರದ ದಾರಿ ಅದುಮುತ್ತೆ, ನಾಯಿಗಳಲ್ಲಿ ಹೆಚ್ಚಾಗಿ ಹಿಂದಕ್ಕೆ ಬೆಳೆದು ಮಲದ ದಾರಿ ಅದುಮುತ್ತೆ, ಅದಕ್ಕೇ ಮುಕ್ಕಿರಿಯೋದು, ಜೊತೆಗೆ ರಕ್ತದ ಹನಿ ಬೀಳೋದು. ಅದರ ಮೇಲೆ ಸೋಂಕು ಸೇರ್ಕೊಂಡ್ರೆ ಜ್ವರ, ನೋವು, ತಡ್ಕೊಳ್ಳೋಕೆ ಆಗದೆ ಅಲ್ಲಲ್ಲೇ ಹೊಯ್ಯೋದು. ಕಲ್ಲೂ ಇರಬಹುದು. ಇದೆಲ್ಲಾ ನಾನು ಇಲ್ಲಿ ಕೂತು ಹೇಳೋದು ಊಹೆ ಅಷ್ಟೇ, ಕೈ ಹಾಕಿ ನೋಡಿ ಉಚ್ಚೆ ಪರೀಕ್ಷೆ ಮಾಡಿ ಸ್ಕ್ಯಾನ್ ಮಾಡಿದ್ರೆ ಗೊತ್ತಾಗೋದು.

ಒಂದು ಮಾತ್ರ ಎಲ್ಲರೂ ನೆನಪಿಟ್ಕೊಳ್ಳಿ. ಕರಿಯ ಕಾಲೆತ್ತಿ ನಿಂತು ಮುಕ್ಕಿರಿದ್ರೂ ಒಂದು ಹನಿಯೂ ಬರ್ಲಿಲ್ಲ, ಹೊಟ್ಟೆ ಗಟ್ಟಿಯಾಗಿದೆ, ವಾಂತಿ ಮಾಡ್ತಾನೆ ಅಂದ್ರೆ ಆವತ್ತು ಅಡಿಕೆ ಕೆಲಸ ಇದ್ರೂ ಮಳೆ ಇದ್ರೂ ತಕ್ಷಣ ಜೀಪಲ್ಲಿ ಹಾಕ್ಕೊಂಡು ಹೋಗಬೇಕು. ಗಂಡು ನಾಯಿಗೆ ಕಲ್ಲು ಅಡ್ಡ ಸಿಕ್ಕಿ ಮೂತ್ರ ಕಟ್ಟಿದ್ರೆ ಬೆಳಿಗ್ಗೆವರೆಗೆ ಕಾಯೋ ಹಂಗಿಲ್ಲ.

ತೀರ್ಥಹಳ್ಳಿ ಪಶು ಆಸ್ಪತ್ರೆ ಡಾಕ್ಟ್ರ ಹತ್ರ ಮೊದ್ಲು ತೋರಿಸಿ, ದನಕ್ಕೆ ಬರೋವ್ರೇ ನಾಯಿನೂ ನೋಡ್ತಾರೆ. ಸ್ಕ್ಯಾನ್ ಎಕ್ಸ್‌ರೇ ಬೇಕು ಅಂದ್ರೆ ಶಿವಮೊಗ್ಗದಲ್ಲಿ ವೆಟರ್ನರಿ ಕಾಲೇಜಿದೆ, ಅಲ್ಲಿ ಆಸ್ಪತ್ರೆನೂ ಇದೆ, ಅರವತ್ತು ಕಿಲೋಮೀಟರ್ ಅಷ್ಟೇ, ಅಣ್ಣ ಹೆಂಗೂ ಅಡಿಕೆ ಮಂಡಿಗೆ ಹೋಗ್ತಿರ್ತಾನೆ. ದುಡ್ಡು ನಾನು ಕಳಿಸ್ತೀನಿ, ಅದರ ಬಗ್ಗೆ ಯಾರೂ ಮಾತಾಡಬೇಡಿ. ಹೋಗೋವಾಗ ಬಾಯಿಗೆ ಬಟ್ಟೆ ಪಟ್ಟಿ ಕಟ್ಟೋಕೆ ಅಣ್ಣಂಗೇ ಬರುತ್ತೆ, ನೋವಿದ್ದಾಗ ಸಾಧು ನಾಯಿನೂ ಕಚ್ಚಿಬಿಡುತ್ತೆ.

ಪ್ರಾಸ್ಟೇಟೇ ಅಂತಾದ್ರೆ ಬೀಜ ತೆಗೆಸಿ ಅಂತಾರೆ. ಅಪ್ಪಯ್ಯ ಬೇಡ ಅಂತೀರಿ ಅಂತ ಗೊತ್ತು, ಬೀಜ ಒಡೆಸಿದ ನಾಯಿ ಮನೆ ಕಾಯಲ್ಲ ಅಂತ ದೊಡ್ಡಪ್ಪನೂ ಹೇಳ್ತಿದ್ರು. ಅದು ನಿಜ ಅಲ್ಲ. ಹೊಸಬ್ರನ್ನ ಕಂಡ್ರೆ ಬೊಗಳೋದು, ಮನೆಯವ್ರನ್ನ ಕಾಯೋದು ಎಲ್ಲಾ ಹಂಗೇ ಇರುತ್ತೆ, ಹೆಣ್ಣು ನಾಯಿ ಹಿಂದೆ ಊರೂರು ಅಲೆದು ಕಚ್ಚಿಸ್ಕೊಂಡು ಬರೋದು ಕಮ್ಮಿ ಆಗುತ್ತೆ ಅಷ್ಟೇ. ಊದಿದ ಪ್ರಾಸ್ಟೇಟ್ ಕೆಲವು ವಾರಗಳಲ್ಲೇ ಚಿಕ್ಕದಾಗ್ತಾ ಬರುತ್ತೆ, ಮಾತ್ರೆ ಜೀವನಪೂರ್ತಿ ಬೇಕಾಗಲ್ಲ. ಮತ್ತೆ ಅಪ್ಪಯ್ಯ, ನಿಮ್ಮ ಡಬ್ಬಿಲಿ ಉಳಿದಿರೋ ಮಾತ್ರೆ ದಯವಿಟ್ಟು ಅವ್ನಿಗೆ ಹಾಕಬೇಡಿ. ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ಅನ್ನದಲ್ಲಿ ಕಲಸಿ ಕೊಡೋದೂ ಬೇಡ, ನಾವು ಮೈಕೈ ನೋವಿಗೆ ನುಂಗೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿ ಹೊಟ್ಟೆ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತೆ.

ಕಟ್ಟಿ ಹಾಕೋ ವಿಷಯ. ಕೊಟ್ಟಿಗೆ ಹಿಂದೆ ಗುಡ್ಡ ಅಪ್ಪಯ್ಯ, ಚಿರತೆ ಬರೋ ಜಾಗ, ಕಳೆದ ವರ್ಷ ಕೆಳಗಿನಮನೆ ನಾಯಿನ ಒಯ್ದಿದ್ದು ಎಲ್ಲಿಂದ ಅಂತ ನಿಮಗೇ ಗೊತ್ತು. ಬಿಟ್ಟ ನಾಯಿ ಓಡಿ ಒಳಗೆ ಬರಬಹುದು, ಸರಪಳಿಲಿ ಕಟ್ಟಿದ್ದು ಎಲ್ಲಿಗೆ ಓಡಬೇಕು. ಅಲ್ದೆ ಕಟ್ಟಿದ ನಾಯಿ ತನ್ನ ಉಚ್ಚೆ ಮೇಲೇ ಮಲಗಬೇಕು, ಅದೂ ಈ ಮಳೆಯಲ್ಲಿ, ಮೈಯೆಲ್ಲಾ ಹುಣ್ಣಾಗುತ್ತೆ. ಘಾಟಿಲಿ ಬಿಟ್ಟು ಬರೋದಂತೂ ಮನಸ್ಸಿಂದ್ಲೇ ತೆಗೆದುಹಾಕಿ. ಸಾಕಿದ ಪ್ರಾಣಿನ ಹಂಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಆದ್ರೆ ನಾನು ಕಾನೂನಿಗೆ ಹೆದರಿ ಹೇಳ್ತಿಲ್ಲ. ನೀವು ತೋಟದಿಂದ ಬರೋವಾಗ ದಣಪೆ ಹತ್ರ ಬಂದು ನಿಲ್ಲೋ ಜೀವ ಅದು. ಬಿಟ್ಟು ಬಂದ್ರೆ ಬಿಟ್ಟ ಜಾಗದಲ್ಲೇ ನಿಮ್ಮನ್ನ ಕಾಯ್ಕೊಂಡು ಕೂತಿರುತ್ತೆ.

ಗದರಿಸೋದೂ ನಿಲ್ಲಿಸಬೇಕು. ಅಮ್ಮ ಹೇಳಿದ್ಲು, ಈಗ ಅಪ್ಪಯ್ಯನ ಚಪ್ಪಲಿ ಸದ್ದು ಕೇಳಿದ್ರೆ ಕರಿಯ ಕಿವಿ ಹಿಂದೆ ಮಾಡಿ ನೆಲಕ್ಕೆ ಅಂಟ್ಕೊಂಡು ಅಲ್ಲೇ ಒಂದಿಷ್ಟು ಹೊಯ್ಕೊಳ್ತಾನೆ ಅಂತ. ಅದು ಮೊದ್ಲಿದ್ದ ಕಾಯಿಲೆ ಅಲ್ಲ, ಹೆದರಿಕೆಯಿಂದ ಬಂದಿದ್ದು. ನಾನು ನಿಮಗಿಂತ ಚಿಕ್ಕವ್ನು, ಹೊಡೀಬೇಡಿ ಅಂತ ನಾಯಿ ಹೇಳೋ ರೀತಿ ಅದು. ಅದಕ್ಕೆ ಇನ್ನೂ ಬೈದ್ರೆ ಇನ್ನೂ ಹೊಯ್ಯುತ್ತೆ. ಮೂತಿನ ಉಚ್ಚೆಗೆ ಉಜ್ಜೋದ್ರಿಂದ ನಾಯಿ ಕಲಿಯೋದು ಏನೂ ಇಲ್ಲ, ಎರಡು ಗಂಟೆ ಹಿಂದೆ ನಿದ್ದೆಲಿ ಆಗಿದ್ದಕ್ಕೂ ಈಗ ಬೀಳೋ ಏಟಿಗೂ ಸಂಬಂಧ ಅದಕ್ಕೆ ಗೊತ್ತಾಗಲ್ಲ, ಈ ಮನುಷ್ಯ ಹತ್ರ ಬಂದ್ರೆ ನೋವು ಅನ್ನೋದು ಒಂದೇ ಗೊತ್ತಾಗೋದು. ಅಪ್ಪಯ್ಯ ಒಂದು ವಾರ ಅವ್ನ ಕಡೆ ನೇರ ಹೋಗದೆ, ಪಕ್ಕದಲ್ಲಿ ಕೂತು, ಕೈಯಿಂದ ಒಂದು ತುಂಡು ರೊಟ್ಟಿ ಹಾಕಿ ನೋಡಿ. ನಿಮ್ಮ ಮೇಲೆ ಅವ್ನಿಗೆ ಇರೋ ಪ್ರೀತಿ ನಮ್ಮ ಯಾರ ಮೇಲೂ ಇಲ್ಲ.

ಅಮ್ಮಂಗೆ ತೊಂದ್ರೆ ಆಗ್ತಿರೋದು ನಂಗೆ ಅರ್ಥ ಆಗುತ್ತೆ. ಜಗಲಿ ದಾಟಿಯೇ ದೇವರ ನೀರು ತರಬೇಕು, ಮಡಿ ಉಟ್ಟು ಒದ್ದೆ ಮೇಲೆ ಕಾಲಿಟ್ರೆ ಮತ್ತೆ ಸ್ನಾನ. ಅದಕ್ಕೆ ಒಂದು ಉಪಾಯ ಹೇಳ್ತೀನಿ ನೋಡು. ಅವ್ನ ಜಾಗನ ಜಗಲಿ ಮಧ್ಯದಿಂದ ತೆಗೆದು ಆ ಮೂಲೆಗೆ, ಅಡಿಕೆ ಸುಲಿಯೋ ಕಡೆ ಸೂರಿನ ಕೆಳಗೆ ಮಾಡು, ಮೆಟ್ಟಿಲು ಇಳೀದೇ ಅಂಗಳಕ್ಕೆ ಹೋಗೋ ಹಂಗಿರ್ಲಿ. ಹತ್ತು ವರ್ಷದ ನಾಯಿಗೆ ಸೊಂಟ ನೋವಿರುತ್ತೆ, ರಾತ್ರಿ ಎದ್ದು ನಾಲ್ಕು ಮೆಟ್ಟಿಲು ಇಳಿಯೋ ಅಷ್ಟರಲ್ಲಿ ತಡೆಯೋಕೆ ಆಗದೇ ಇರಬಹುದು, ಜೊತೆಗೆ ಆ ಸುರಿಯೋ ಮಳೇಲಿ ಇಳಿಯೋಕೆ ಯಾರಿಗೆ ಮನಸ್ಸು ಬರುತ್ತೆ. ಸೂರಿನ ಕೆಳಗೇ ಒಂದಷ್ಟು ಜಾಗದಲ್ಲಿ ಮರಳೋ ಒಣಗಿದ ಅಡಿಕೆ ಸಿಪ್ಪೆನೋ ಹಾಕಿ, ಅಣ್ಣ ಮಲಗೋ ಮುಂಚೆ ಒಂದು ಸಲ, ಬೆಳಿಗ್ಗೆ ನೀನು ಎದ್ದ ಕೂಡ್ಲೇ ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಿ ನಿಲ್ಲಿಸಿ, ಹೊಯ್ದ ಕೂಡ್ಲೇ ಬೆನ್ನು ಸವರಿ. ಗೋಣಿ ಎರಡು ಮೂರು ಇಟ್ಕೊಂಡು ದಿನಾ ಬದಲಾಯಿಸಿ. ನೀರು ಮಾತ್ರ ಕಮ್ಮಿ ಮಾಡಬೇಡಿ, ನೀರು ಕೊಡದಿದ್ರೆ ಉಚ್ಚೆ ಬರಲ್ಲ ಅಂತ ಅಪ್ಪಯ್ಯ ಪಾತ್ರೆ ಎತ್ತಿಟ್ಟಿದ್ದಾರಂತೆ, ಕಿಡ್ನಿ ಕೆಟ್ಟಿದ್ರೆ ಅದೇ ಅವ್ನ ಜೀವ ತೆಗೆಯುತ್ತೆ. ಬದಲಿಗೆ ಬೆಳಿಗ್ಗೆ ಪಾತ್ರೆಗೆ ಅಳತೆ ಮಾಡಿ ನೀರು ಹಾಕಿ, ಮಾರನೇ ದಿನ ಎಷ್ಟು ಉಳೀತು ನೋಡಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 100 ಮಿಲಿಗಿಂತ ಜಾಸ್ತಿ ಕುಡಿದ್ರೆ ಅದು ಕಾಯಿಲೆ ಲಕ್ಷಣ, ಕರಿಯ 20 ಕೆಜಿ ಇದ್ದಾನೆ ಅಂತ ಇಟ್ಕೊಂಡ್ರೆ ಎರಡು ಲೀಟರ್. ಮಳೆನೀರು ಅಲ್ಲಿ ಇಲ್ಲಿ ನೆಕ್ಕದ ಹಂಗೆ ಆ ಒಂದು ದಿನ ನೋಡ್ಕೊಳ್ಳಿ, ಇಲ್ಲದಿದ್ರೆ ಲೆಕ್ಕ ಸಿಗಲ್ಲ. ಹಂಗೇ ಕೊಳೆಗೆ ಹೊಡಿಯೋ ಬೋರ್ಡೋ ಔಷಧಿ ಕಲಸಿದ ಡ್ರಮ್ಮಿಗೆ ಮುಚ್ಚಳ ಇರ್ಲಿ, ಮೈಲುತುತ್ತದ ನೀರು ಅವ್ನ ಹೊಟ್ಟೆಗೆ ಹೋಗಬಾರದು.

ಇನ್ನು ತೊಳೆಯೋದು, ಇದು ನರ್ಸ್ ಆಗಿ ಹೇಳ್ತಿದ್ದೀನಿ, ಅತ್ತಿಗೆ ಇದನ್ನ ಸರಿಯಾಗಿ ಓದಿ ಯಾಕೆ ಅಂದ್ರೆ ಪುಟ್ಟ ಅದೇ ಜಗಲಿ ಮೇಲೆ ಅಂಬೆಗಾಲಿಡ್ತಾನೆ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಬರುತ್ತಲ್ಲ, ಗದ್ದೆ ತೋಟದಲ್ಲಿ ಕೆಲಸ ಮಾಡೋವ್ರಿಗೆ ಬರೋದು, ಅದು ಇಲಿ ಉಚ್ಚೆಯಿಂದ ಮಾತ್ರ ಅಲ್ಲ, ಸೋಂಕು ತಗುಲಿದ ನಾಯಿ ಉಚ್ಚೆಯಿಂದ್ಲೂ ಬರುತ್ತೆ. ನಾಯಿಗೆ ಬಂದ್ರೆ ಜ್ವರ, ವಾಂತಿ, ಕಣ್ಣು ಹಳದಿ, ಕಿಡ್ನಿ ಕೆಟ್ಟು ನೀರು ಜಾಸ್ತಿ ಕುಡಿದು ಹೊಯ್ಯೋದು ಎಲ್ಲಾ ಇರುತ್ತೆ, ಹಾಗಾಗಿ ಕರಿಯಂಗೆ ಅದೂ ಇರಬಹುದಾ ಅಂತ ಡಾಕ್ಟ್ರನ್ನ ಕೇಳ್ಲೇಬೇಕು. ಗೊತ್ತಾಗೋವರೆಗೂ ಬರಿಗೈಲಿ ಮುಟ್ಟಬೇಡಿ, ಕೈಗೆ ಗ್ಲೌಸ್ ಇಲ್ಲಾ ಪ್ಲಾಸ್ಟಿಕ್ ಕವರ್ ಹಾಕಿ, ಕಾಲಲ್ಲಿ ಗಾಯ ಇದ್ರೆ ಚಪ್ಪಲಿ ಹಾಕ್ಕೊಳ್ಳಿ. ಮೊದ್ಲು ಹಳೇ ಬಟ್ಟೇಲಿ ಹೀರಿಸಿ, ಸೋಪುನೀರಲ್ಲಿ ತೊಳೆದು, ನೀರು ಹೋದ ಮೇಲೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ಒರೆಸಿ, ಆಮೇಲೆ ಒಣಗೋಕೆ ಬಿಡಿ. ಉಚ್ಚೆ ಮೇಲೇ ನೇರ ಬ್ಲೀಚಿಂಗ್ ಸುರಿಯಬೇಡಿ, ಎರಡೂ ಸೇರಿದ್ರೆ ಬರೋ ಹೊಗೆ ಎದೆಗೆ ಕೆಟ್ಟದ್ದು. ಫಿನಾಯಿಲ್ ಬೇಡವೇ ಬೇಡ, ಕಾಲಿಗೆ ಅಂಟಿದ್ದನ್ನ ನಾಯಿ ನೆಕ್ಕುತ್ತೆ, ಬೆಕ್ಕಿಗಂತೂ ಇನ್ನೂ ಅಪಾಯ, ನಮ್ಮನೇಲಿ ಎರಡೂ ಇದೆ. ಕರಿಯಂಗೆ ವರ್ಷವರ್ಷ ಹಾಕ್ಸೋ ಇಂಜೆಕ್ಷನ್ನಲ್ಲಿ ಇಲಿಜ್ವರದ್ದೂ ಸೇರಿದೆಯಾ ಅಂತ ಕಾರ್ಡ್ ನೋಡಿ, ಬರೀ ಹುಚ್ಚುನಾಯಿ ರೋಗದ್ದು ಹಾಕ್ಸಿ ಸುಮ್ಮನಾಗಿದ್ರೆ ಅದನ್ನೂ ಹಾಕ್ಸೋ ಬಗ್ಗೆ ಕೇಳಿ.

ಇನ್ನೊಂದು ಸಾಧ್ಯತೆನೂ ಬರೆದುಬಿಡ್ತೀನಿ. ಗೋಡೆ, ಕಂಬ, ಅಡಿಕೆ ಚೀಲದ ಮೇಲೆ ಕಾಲೆತ್ತಿ ಚೂರು ಚೂರು ಹಾರಿಸೋದಾದ್ರೆ ಅದು ಗುರುತು ಹಾಕೋದು, ಹತ್ತಿರದಲ್ಲಿ ಎಲ್ಲಾದ್ರೂ ಬೆದೆಗೆ ಬಂದ ಹೆಣ್ಣು ಇದ್ರೆ ಮಾಡ್ತಾನೆ. ಮಲಗಿದ ಜಾಗದಲ್ಲಿ ಆಗೋದು ಬೇರೆ, ಎರಡನ್ನೂ ಒಂದೇ ಅಂತ ಡಾಕ್ಟ್ರಿಗೆ ಹೇಳಬೇಡಿ. ವಯಸ್ಸಾಗಿ ಬುದ್ಧಿ ಮಂಕಾಗಿದ್ರೂ ಜಾಗ ಮರೀತಾವೆ, ಮೂಲೇಲಿ ಸುಮ್ನೆ ಗೋಡೆ ನೋಡ್ಕೊಂಡು ನಿಲ್ಲೋದು, ರಾತ್ರಿಯೆಲ್ಲಾ ಸುತ್ತೋದು, ಕರೆದ್ರೆ ತಿರುಗಿ ನೋಡದೇ ಇರೋದು ಇದ್ರೆ ಅದನ್ನೂ ಹೇಳಿ.

ಅಣ್ಣ, ನೀನು ಬುಧವಾರ ತೀರ್ಥಹಳ್ಳಿಗೆ ಹೋಗ್ತೀಯ ಅಲ್ವಾ, ಆವತ್ತೇ ಬೆಳಿಗ್ಗೆ ಉಚ್ಚೆ ಹಿಡ್ಕೊಂಡು ಅವ್ನನ್ನೂ ಕರ್ಕೊಂಡು ಹೋಗು. ಗೋಣಿ ಮೇಲಿನ ಕೆಂಪು ಕಲೆ ಇನ್ನೂ ಇದ್ರೆ ಫೋಟೋ ಹೊಡ್ಕೊ, ಅವ್ನು ಮುಕ್ಕಿರಿಯೋದು ಒಂದು ಸಣ್ಣ ವಿಡಿಯೋ ಮಾಡ್ಕೊ, ಡಾಕ್ಟ್ರ ಎದ್ರು ನಾಯಿ ಅದನ್ನ ಮಾಡಿ ತೋರಿಸಲ್ಲ. ಅವ್ರು ಬರೆದ ಚೀಟಿ, ರಿಪೋರ್ಟ್ ಎಲ್ಲಾ ನಂಗೆ ಕಳಿಸು, ನಾನು ಇಲ್ಲಿ ರೋಸಿ ಡಾಕ್ಟ್ರಿಗೂ ತೋರಿಸಿ ಕೇಳ್ತೀನಿ. ಬುಧವಾರ ನಂಗೆ ರಾತ್ರಿ ಡ್ಯೂಟಿ, ನಿಮ್ಮ ಮಧ್ಯಾಹ್ನ ಹೊತ್ತಿಗೆ ಮನೇಲೇ ಇರ್ತೀನಿ, ಆಸ್ಪತ್ರೆಯಿಂದ್ಲೇ ಫೋನ್ ಮಾಡು. ಅಲ್ಲಿವರೆಗೆ ರಾತ್ರಿ ಅವ್ನು ಸೂರಿನ ಕೆಳಗೇ ಮಲಗ್ಲಿ, ನೀರಿನ ಪಾತ್ರೆ ಅವ್ನ ಹತ್ರನೇ ಇರ್ಲಿ.

ಅಪ್ಪಯ್ಯ, ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮ, ಅಪ್ಪೆಮಿಡಿ ಡಬ್ಬಿ ಅಣ್ಣನ ಸ್ನೇಹಿತ್ರ ಕೈಲಿ ಬಂತು, ಒಡೆದಿರ್ಲಿಲ್ಲ. ಪುಟ್ಟಂಗೆ ಮುತ್ತು.

ನಿಮ್ಮ ಮಗಳು
ಸುಮ